ಔಷಧ ಒಂದೇ, ಹುಳ ಒಂದೇ – ಆದರೂ ಕೆಲವು ಸಾಯಲಿಲ್ಲ ಯಾಕೆ?

ಕಳೆದ ಸೆಮಿಸ್ಟರ್ ರಜೆಗೆ ಲಚ್ಯಾಣಕ್ಕೆ ಹೋಗಿದ್ದೆ. ವಿಜಯಪುರದಿಂದ ಸೊಲ್ಲಾಪುರದ ಕಡೆ ಹೋಗುವ ರೈಲಿನಲ್ಲಿ ಇಂಡಿ ರೋಡ್ ದಾಟಿದ ಮೇಲೆ ಸಿಗುವ ಸಣ್ಣ ಸ್ಟೇಷನ್ ಅದು. ಅಲ್ಲಿ ನನ್ನ ಸೋದರಮಾವ ಇದ್ದಾರೆ. ಸ್ವಲ್ಪ ಲಿಂಬೆ ತೋಟ, ಒಂದು ಮೂವತ್ತು ಆಡು. ಇಂಡಿ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಬಂದಮೇಲೆ ನಮ್ಮ ಮಾಮಾ ಲಿಂಬೆ ಬಗ್ಗೆ ಬಹಳ ಹೆಮ್ಮೆಯಿಂದ ಮಾತಾಡ್ತಾರೆ. ಆದರೆ ಈ ಸಲ ಲಿಂಬೆ ವಿಷಯವೇ ಎತ್ತಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಮೂರು ಮರಿ ಸತ್ತಿದ್ದವು. ಒಂದು ದೊಡ್ಡ ಆಡು ಮೇವು ಬಿಟ್ಟು ಮೂಲೆಯಲ್ಲಿ ನಿಂತಿತ್ತು. ಅದರ ಗದ್ದದ ಕೆಳಗೆ ನೀರು ತುಂಬಿದ ಹಾಗೆ ಬಾವು.

"ಮೂರು ಸಲ ಜಂತಿನ ಔಷಧ ಹಾಕೇನವ್ವಾ. ಮೂರೂ ಬ್ಯಾರೆ ಬ್ಯಾರೆ ಕಂಪನಿವು. ಹುಳಕ್ಕ ನಾಟವಲ್ದು," ಅಂದರು ಮಾಮಾ.

ಮೂರನೇ ಬಾಟಲಿ ನಾನೇ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿ ಕಳಿಸಿದ್ದು. "ಇದು ಒಳ್ಳೇ ಕಂಪನಿ ಮಾಮಾ, ರೇಟಿಂಗ್ ಚೆನ್ನಾಗಿದೆ" ಅಂತ ಫೋನಿನಲ್ಲಿ ಹೇಳಿದ್ದೆ. ಈಗ ಮೂರೂ ಬಾಟಲಿಗಳನ್ನು ಸಾಲಾಗಿ ಇಟ್ಟು ಹಿಂದಿನ ಸಣ್ಣ ಅಕ್ಷರ ಓದಿದೆ. ಮೊದಲನೆಯದು ಆಲ್ಬೆಂಡಜೋಲ್. ಎರಡನೆಯದು ಫೆನ್‌ಬೆಂಡಜೋಲ್. ನಾನು ಕಳಿಸಿದ್ದು ಮತ್ತೆ ಆಲ್ಬೆಂಡಜೋಲ್. ಎರಡೂ ಬೆಂಜಿಮಿಡಜೋಲ್ ಅನ್ನುವ ಒಂದೇ ಮನೆತನದವು. ಹೆಸರು ಮೂರು, ಬಣ್ಣ ಮೂರು, ಒಳಗಿನ ಕೆಲಸ ಒಂದೇ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಕಂಪ್ಯೂಟರ್ ಸೈನ್ಸ್ ಹುಡುಗಿ, ಬಯಾಲಜಿ ಬಿಟ್ಟು ಮೂರು ವರ್ಷ ಆಯ್ತು. ಆದರೂ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು: ಔಷಧ ಒಂದೇ, ಹುಳದ ಜಾತಿ ಒಂದೇ, ಆದರೂ ಕೆಲವು ಸಾಯ್ತವೆ, ಕೆಲವು ಸಾಯಲ್ಲ ಯಾಕೆ? ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ, ಹಾಗಾಗಿ ಕನ್ನಡದಲ್ಲಿ ತಪ್ಪಿದ್ದರೆ ಕ್ಲಬ್ಬಿನ ಸೀನಿಯರ್‌ಗಳು ತಿದ್ದಿ.

ಮೊದಲು ಹುಳದ ಪರಿಚಯ

ದುಂಡುಹುಳ ಅಂದರೆ ನೆಮಟೋಡ್. ಎರೆಹುಳದ ಹಾಗೆ ಇದರ ಮೈಯಲ್ಲಿ ಉಂಗುರಗಳಿಲ್ಲ. ನಯವಾದ ದಾರದ ತುಂಡಿನ ಹಾಗೆ ಇರುತ್ತದೆ. ಮಣ್ಣಿನಲ್ಲಿ, ಕೊಳೆತ ಹಣ್ಣಿನಲ್ಲಿ, ಗಿಡದ ಬೇರಿನಲ್ಲಿ, ಪ್ರಾಣಿಗಳ ಹೊಟ್ಟೆಯಲ್ಲಿ, ಎಲ್ಲೆಂದರಲ್ಲಿ ಇರುವ ಜೀವ. ಮಕ್ಕಳಿಗೆ ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಡುತ್ತಾರಲ್ಲ, ಅದು ಈ ಗುಂಪಿನ ಹುಳಗಳಿಗೇ. ಆ ಮಾತ್ರೆಯೂ ಆಲ್ಬೆಂಡಜೋಲ್, ನೆನಪಿರಲಿ.

ಆಡು ಕುರಿಗಳ ಹೊಟ್ಟೆಯಲ್ಲಿ ರಕ್ತ ಹೀರುವ ಮುಖ್ಯ ಹುಳದ ಹೆಸರು ಹೀಮಾಂಕಸ್ ಕಾಂಟಾರ್ಟಸ್. ಹೆಣ್ಣು ಹುಳ ಎರಡು ಮೂರು ಸೆಂಟಿಮೀಟರ್ ಉದ್ದ ಇರುತ್ತದೆ. ಒಂದು ಹುಳ ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಹೀರುತ್ತದೆ. ಇಷ್ಟೇನಾ ಅನ್ನಬೇಡಿ. ಹೊಟ್ಟೆಯಲ್ಲಿ ಸಾವಿರ ಹುಳ ಇದ್ದರೆ ದಿನಕ್ಕೆ 50 ಮಿಲಿಲೀಟರ್ ಆಯ್ತು. ಸಣ್ಣ ಮರಿಗೆ ಅದು ಸಾವಿನ ಲೆಕ್ಕ. ರಕ್ತದ ಪ್ರೋಟೀನ್ ಕಡಿಮೆಯಾದಾಗಲೇ ಗದ್ದದ ಕೆಳಗೆ ಆ ನೀರಿನ ಬಾವು ಬರುವುದು.

ಆದರೆ ಹೊಟ್ಟೆಯೊಳಗೆ ಬದುಕುವ ಹುಳವನ್ನು ಲ್ಯಾಬಿನಲ್ಲಿ ಸಾಕಿ ಪ್ರಯೋಗ ಮಾಡುವುದು ಕಷ್ಟ. ಅದಕ್ಕೆ ವಿಜ್ಞಾನಿಗಳು ಅದರ ದೂರದ ನೆಂಟನನ್ನು ಹಿಡಿದುಕೊಂಡರು. ಅದೇ ಸಿ. ಎಲೆಗಾನ್ಸ್. ಸುಮಾರು 1 ಮಿಲಿಮೀಟರ್ ಉದ್ದ, ಮೈ ಪಾರದರ್ಶಕ, ತಿನ್ನುವುದು ಬ್ಯಾಕ್ಟೀರಿಯಾ. ಯಾರ ರಕ್ತವನ್ನೂ ಹೀರುವುದಿಲ್ಲ. ತತ್ತಿಯಿಂದ ಬಂದು ಮತ್ತೆ ತತ್ತಿ ಇಡುವ ತನಕ ಮೂರು ನಾಲ್ಕು ದಿನ ಸಾಕು. ಸಿಡ್ನಿ ಬ್ರೆನ್ನರ್ 1974ರಲ್ಲಿ ಇದರ ಜೆನೆಟಿಕ್ಸ್ ಬಗ್ಗೆ ದೊಡ್ಡ ಪೇಪರ್ ಬರೆದರು. 1998ರಲ್ಲಿ ಇದರ ಪೂರ್ತಿ ಡಿಎನ್‌ಎ ಓದಿದರು. ಬಹುಕೋಶ ಪ್ರಾಣಿಗಳಲ್ಲಿ ಮೊದಲು ಓದಿಸಿಕೊಂಡದ್ದು ಇದೇ. ಒಟ್ಟು ಸುಮಾರು 10 ಕೋಟಿ ಅಕ್ಷರ, ಸುಮಾರು 20,000 ಜೀನ್. 302 ನರಕೋಶ. ಇದರ ಮೇಲಿನ ಕೆಲಸಕ್ಕೆ 2002, 2006, 2008, 2024ರಲ್ಲಿ ನೊಬೆಲ್ ಬಂದಿದೆ. ನಮ್ಮ ಕಣ್ಣಿಗೆ ಸರಿಯಾಗಿ ಕಾಣದ ಹುಳ, ನೊಬೆಲ್ ಮಾತ್ರ ನಾಲ್ಕು ಸಲ.

ಒಂದೇ ಸ್ಯಾಂಪಲ್ ನೋಡಿ ಪೂರ್ತಿ ಲಾಟ್ ಪಾಸ್ ಮಾಡಿದ ಹಾಗೆ

ಇಲ್ಲಿ ಒಂದು ತಮಾಷೆ ಇದೆ. ಇಷ್ಟೆಲ್ಲ ಸಂಶೋಧನೆ ಬಹುಪಾಲು ನಡೆದದ್ದು ಒಂದೇ ವಂಶದ ಹುಳದ ಮೇಲೆ. ಆ ವಂಶದ ಹೆಸರು ಎನ್2. 1951ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರ ಅಣಬೆ ಬೆಳೆಯುವ ಗೊಬ್ಬರದಲ್ಲಿ ಸಿಕ್ಕ ಹುಳದ ಮಕ್ಕಳು ಮೊಮ್ಮಕ್ಕಳು ಇವು. ಸಿ. ಎಲೆಗಾನ್ಸ್ ಹುಳಗಳಲ್ಲಿ ಹೆಚ್ಚಿನವು ಉಭಯಲಿಂಗಿ. ಒಂದೇ ಹುಳ ತನ್ನಷ್ಟಕ್ಕೆ ತಾನೇ ಸುಮಾರು 300 ಮರಿ ಹುಟ್ಟಿಸುತ್ತದೆ. ಹಾಗಾಗಿ ಒಂದು ವಂಶದ ಹುಳಗಳೆಲ್ಲ ಕಾಪಿ-ಪೇಸ್ಟ್ ಮಾಡಿದ ಹಾಗೆ. ಫ್ರೀಜ್ ಮಾಡಿ ಇಟ್ಟು ಬೇಕಾದಾಗ ಕರಗಿಸಿದರೆ ಜೀವ ಬರುತ್ತದೆ. ಪ್ರಯೋಗಕ್ಕೆ ಬಹಳ ಅನುಕೂಲ.

ಆದರೆ ಒಂದು ವಂಶ ನೋಡಿ ಇಡೀ ಜಾತಿ ಹೀಗೇ ಅನ್ನಬಹುದಾ? ಲಚ್ಯಾಣದ ಒಂದೇ ಮನೆಯವರನ್ನು ನೋಡಿ ಇಡೀ ಇಂಡಿ ತಾಲೂಕಿನ ಜನ ಹೀಗೇ ಅಂದ ಹಾಗೆ ಆಗುತ್ತದೆ.

ಒಂದು ಉದಾಹರಣೆ. ಎನ್2 ಹುಳಗಳು ತಟ್ಟೆಯ ಮೇಲೆ ಚದುರಿಕೊಂಡು ಒಂಟಿಯಾಗಿ ತಿನ್ನುತ್ತವೆ. ಆದರೆ ಹೊರಗಿನಿಂದ ತಂದ ಎಷ್ಟೋ ಹುಳಗಳು ಊಟದ ಅಂಚಿಗೆ ಹೋಗಿ ಗುಂಪು ಕಟ್ಟಿಕೊಂಡು ತಿನ್ನುತ್ತವೆ, ಪಂಕ್ತಿ ಊಟದ ಹಾಗೆ. ಯಾಕೆ ಅಂತ 1998ರಲ್ಲಿ ಮಾರಿಯೊ ಡಿ ಬೋನೊ ಮತ್ತು ಕಾರಿ ಬಾರ್ಗ್‌ಮನ್ ಹುಡುಕಿದರು. ಎನ್‌ಪಿಆರ್-1 ಅನ್ನುವ ಒಂದು ಜೀನ್. ಅದು ಕೊಡುವ ಪ್ರೋಟೀನಿನ 215ನೇ ಜಾಗದಲ್ಲಿ ಎನ್2 ಹುಳಕ್ಕೆ ವ್ಯಾಲಿನ್ ಇದೆ, ಗುಂಪು ಕಟ್ಟುವ ಹುಳಕ್ಕೆ ಫಿನೈಲ್ಅಲನಿನ್ ಇದೆ. ಒಂದೇ ಒಂದು ಜಾಗ ಬೇರೆ, ಸ್ವಭಾವವೇ ಬೇರೆ.

ಇನ್ನೂ ಮಜಾ ಮುಂದಿದೆ. ಮೊದಲು ಎಲ್ಲರೂ ಎರಡೂ ಸ್ವಭಾವ ಕಾಡಿನಲ್ಲೇ ಇವೆ ಅಂದುಕೊಂಡಿದ್ದರು. 2009ರಲ್ಲಿ ಗೊತ್ತಾದದ್ದು ಏನಂದರೆ, ಆ ಒಂಟಿ ಸ್ವಭಾವದ ಬದಲಾವಣೆ ಹುಟ್ಟಿದ್ದೇ ಲ್ಯಾಬಿನಲ್ಲಿ. ವರ್ಷಗಟ್ಟಲೆ ತಟ್ಟೆಯ ಮೇಲೆ ಸಾಕಿದ್ದಕ್ಕೆ ತಟ್ಟೆಗೆ ಒಗ್ಗಿಕೊಂಡ ಹುಳ ಅದು. ಅಂದರೆ 'ನಾರ್ಮಲ್' ಅಂತ ಇಟ್ಟುಕೊಂಡದ್ದೇ ಸ್ವಲ್ಪ ಅಬ್‌ನಾರ್ಮಲ್! ನಮ್ಮ ಮಷಿನ್ ಲರ್ನಿಂಗ್ ಭಾಷೆಯಲ್ಲಿ ಹೇಳುವುದಾದರೆ ಓವರ್‌ಫಿಟ್ ಆದ ಮಾಡೆಲ್.

ಹೊರಗಿನ ಹುಳ ತರೋಣ

ಹಾಗಾಗಿ ವಿಜ್ಞಾನಿಗಳು ಲ್ಯಾಬ್ ಬಿಟ್ಟು ತೋಟಕ್ಕೆ ಬಂದರು. ಹುಡುಕಿದಾಗ ತಿಳಿದದ್ದು, ಸಿ. ಎಲೆಗಾನ್ಸ್ ಸುಖವಾಗಿ ಸಂಸಾರ ಮಾಡುವುದು ಬರೀ ಮಣ್ಣಿನಲ್ಲಲ್ಲ, ಕೊಳೆಯುತ್ತಿರುವ ಹಣ್ಣು ಮತ್ತು ಕಾಂಡದಲ್ಲಿ. ಫ್ರಾನ್ಸಿನ ಮರಿ-ಆನ್ ಫೆಲಿಕ್ಸ್ ಕೊಳೆತ ಸೇಬು ಆರಿಸಿ ಆರಿಸಿ ಈ ವಿಷಯ ಗಟ್ಟಿ ಮಾಡಿದರು. ಎರಿಕ್ ಆಂಡರ್ಸನ್ ಅವರ ಗುಂಪು ಜಗತ್ತಿನ ಬೇರೆ ಬೇರೆ ಕಡೆಯಿಂದ ಬಂದ ನೂರಾರು ವಂಶಗಳನ್ನು ಒಂದೆಡೆ ಇಟ್ಟು, ಪ್ರತಿಯೊಂದರ ಡಿಎನ್‌ಎ ಓದಿ, ಯಾರು ಬೇಕಾದರೂ ನೋಡಲಿ ಅಂತ ತೆರೆದಿಟ್ಟಿದೆ. ಹುಳಗಳ ಓಪನ್ ಸೋರ್ಸ್ ಲೈಬ್ರರಿ ಅನ್ನಿ.

2012ರಲ್ಲಿ 200 ಹುಳಗಳ ಡಿಎನ್‌ಎ ಹೋಲಿಸಿದಾಗ ಒಂದು ವಿಚಿತ್ರ ಕಂಡಿತು. ಬೇರೆ ಬೇರೆ ಖಂಡದ ಹುಳಗಳಲ್ಲೂ ಕೆಲವು ಕ್ರೋಮೋಸೋಮ್‌ಗಳ ಬಹುಭಾಗ ಹೆಚ್ಚುಕಡಿಮೆ ಒಂದೇ. ಕಳೆದ ಕೆಲವು ನೂರು ವರ್ಷಗಳಲ್ಲಿ ಯಾವುದೋ ಒಂದು ವಂಶ ಎಲ್ಲಾ ಕಡೆ ಹಬ್ಬಿ ಬೇರೆಯವನ್ನು ಗುಡಿಸಿಹಾಕಿದ ಗುರುತು ಅದು. ಮನುಷ್ಯರ ಹಡಗು, ಹಣ್ಣು, ಮಣ್ಣಿನ ಜೊತೆ ಇವೂ ಓಡಾಡಿರಬೇಕು. ಆದರೆ ಹವಾಯಿ ದ್ವೀಪದ ಹುಳಗಳು ಹಾಗಲ್ಲ. ಅಲ್ಲಿ ಹಳೆಯ ವೈವಿಧ್ಯ ಇನ್ನೂ ಉಳಿದಿದೆ. ಅಲ್ಲಿ 1972ರಲ್ಲಿ ಮಾವಿ ದ್ವೀಪದ ಅನಾನಸ್ ಹೊಲದಲ್ಲಿ ಸಿಕ್ಕ ಸಿಬಿ4856 ಅನ್ನುವ ಹುಳವನ್ನು ಎನ್2 ಜೊತೆ ಇಟ್ಟು ನೋಡಿದರೆ 3 ಲಕ್ಷಕ್ಕೂ ಹೆಚ್ಚು ಕಡೆ ಡಿಎನ್‌ಎ ಅಕ್ಷರ ಬೇರೆ. ಜಾತಿ ಮಾತ್ರ ಒಂದೇ.

ನಮ್ಮ ದೇಶದ ಹುಳವೂ ಈ ಕತೆಯಲ್ಲಿದೆ, ಗೊತ್ತಾ? ಸಿ. ಎಲೆಗಾನ್ಸ್‌ನ ಹತ್ತಿರದ ಬಂಧು ಸಿ. ಬ್ರಿಗ್ಸೇ. 2003ರಲ್ಲಿ ಅದರ ಡಿಎನ್‌ಎ ಓದಿದಾಗ ಬಳಸಿದ ವಂಶ ಎಎಫ್16. ಅದು ಸಿಕ್ಕಿದ್ದು ಅಹಮದಾಬಾದಿನಲ್ಲಿ. ಈ ಜಾತಿಯಲ್ಲಿ ಬಿಸಿ ನಾಡಿನ ಗುಂಪು ಬೇರೆ, ಚಳಿ ನಾಡಿನ ಗುಂಪು ಬೇರೆ. ಅಹಮದಾಬಾದಿನದು ಬಿಸಿ ನಾಡಿನ ಗುಂಪಿಗೆ ಸೇರಿದ್ದು. ಬಿಸಿ ಏರಿಸಿದಾಗ ಈ ಗುಂಪು ಚಳಿ ನಾಡಿನ ಗುಂಪಿಗಿಂತ ಹೆಚ್ಚು ಮರಿ ಮಾಡುತ್ತದೆ. ನಮ್ಮ ಇಂಡಿ ಬಿಸಿಲು ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ.

ಔಷಧಕ್ಕಿಂತ ಮೊದಲೇ ಇದ್ದ ಉತ್ತರ

ಈಗ ಮಾಮಾನ ಪ್ರಶ್ನೆಗೆ ಹತ್ತಿರ ಬರೋಣ. ನಾನು ಮೊದಲು ಅಂದುಕೊಂಡಿದ್ದು ಹೀಗೆ: ಔಷಧ ತಿಂದು ತಿಂದು ಹುಳಕ್ಕೆ ಅಭ್ಯಾಸ ಆಗಿಬಿಡುತ್ತದೆ, ಮಾಮಾಗೆ ತಂಬಾಕು ಅಭ್ಯಾಸ ಆದ ಹಾಗೆ. ಇದು ತಪ್ಪು. ಯಾಕೆ ತಪ್ಪು ಅಂತ ಹವಾಯಿ ಹುಳ ತೋರಿಸಿಕೊಟ್ಟಿತು.

ಅವರ್ಮೆಕ್ಟಿನ್ ಅನ್ನುವ ಇನ್ನೊಂದು ಔಷಧದ ಗುಂಪಿದೆ. ಐವರ್ಮೆಕ್ಟಿನ್ ಹೆಸರು ಕೇಳಿರುತ್ತೀರಿ. ಅದು 1981ರಲ್ಲಿ ಪ್ರಾಣಿಗಳ ಔಷಧವಾಗಿ ಮಾರುಕಟ್ಟೆಗೆ ಬಂತು. ಹುಳದ ನರದಲ್ಲಿರುವ ಕ್ಲೋರೈಡ್ ಬಾಗಿಲನ್ನು ತೆರೆದೇ ಇಟ್ಟುಬಿಡುತ್ತದೆ, ಹುಳ ಲಕ್ವ ಹೊಡೆದ ಹಾಗೆ ಬಿದ್ದುಹೋಗುತ್ತದೆ. ಇದೇ ಗುಂಪಿನ ಅಬಾಮೆಕ್ಟಿನ್ ಹಾಕಿದಾಗ ಎನ್2 ಬಿತ್ತು, ಹವಾಯಿಯ ಸಿಬಿ4856 ಓಡಾಡಿಕೊಂಡೇ ಇತ್ತು.

ಕಾರಣ ಹುಡುಕಿದ ರೀತಿ ನಮಗೆ ಪರಿಚಯದ್ದೇ. ಕೋಡಿನಲ್ಲಿ ಬಗ್ ಎಲ್ಲಿ ಬಂತು ಅಂತ ಹುಡುಕಲು ಗಿಟ್ ಬೈಸೆಕ್ಟ್ ಮಾಡ್ತೀವಲ್ಲ, ಅರ್ಧ ಅರ್ಧ ಮಾಡಿ ಜಾಗ ಕಿರಿದು ಮಾಡುತ್ತ ಹೋಗುವುದು. ಹಾಗೇ ಎರಡು ಹುಳಗಳನ್ನು ಕೂಡಿಸಿ ಮಕ್ಕಳು, ಮೊಮ್ಮಕ್ಕಳು ಅಂತ ನೂರಾರು ಹೊಸ ವಂಶ ಮಾಡುತ್ತಾರೆ. ಪ್ರತಿಯೊಂದರಲ್ಲಿ ಸ್ವಲ್ಪ ಬ್ರಿಸ್ಟಲ್ ತುಂಡು, ಸ್ವಲ್ಪ ಹವಾಯಿ ತುಂಡು. ಎಲ್ಲಕ್ಕೂ ಔಷಧ ಹಾಕುತ್ತಾರೆ. ಬದುಕಿದವುಗಳಲ್ಲೆಲ್ಲ ತಪ್ಪದೇ ಇರುವ ಹವಾಯಿ ತುಂಡು ಯಾವುದು ಅಂತ ನೋಡುತ್ತಾರೆ. 2012ರಲ್ಲಿ ಹೀಗೆ ಸಿಕ್ಕ ಜೀನ್ ಜಿಎಲ್‌ಸಿ-1. ಹವಾಯಿ ಹುಳದಲ್ಲಿ ಆ ಬಾಗಿಲಿನ ಪ್ರೋಟೀನಿನಿಂದ 4 ಅಮೈನೋ ಆಮ್ಲ ಬಿಟ್ಟುಹೋಗಿವೆ. ಔಷಧಕ್ಕೆ ಹಿಡಿಕೆ ಸಿಗುವುದಿಲ್ಲ.

ಈಗ ಇಸವಿ ಎರಡನ್ನೂ ಪಕ್ಕಪಕ್ಕ ಇಡಿ. ಹುಳ ಸಿಕ್ಕಿದ್ದು 1972. ಔಷಧ ಬಂದದ್ದು 1981. ಅನಾನಸ್ ಹೊಲದ ಆ ಹುಳ ಯಾವ ಬಾಟಲಿಯನ್ನೂ ನೋಡಿರಲಿಲ್ಲ. ಆದರೂ ಉತ್ತರ ಅದರ ಮೈಯಲ್ಲಿ ಮೊದಲೇ ಬರೆದಿತ್ತು. ಹೇಗೆ? ಅವರ್ಮೆಕ್ಟಿನ್ ಮೂಲದಲ್ಲಿ ಫ್ಯಾಕ್ಟರಿ ಸರಕಲ್ಲ. ಸ್ಟ್ರೆಪ್ಟೊಮೈಸಿಸ್ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ವಸ್ತು. ಜಪಾನಿನ ಮಣ್ಣಿನಲ್ಲಿ ಅದನ್ನು ಹುಡುಕಿದ ಸತೋಶಿ ಒಮುರಾ ಮತ್ತು ಔಷಧ ಮಾಡಿದ ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಮಣ್ಣಿನಲ್ಲಿ ಆ ಬ್ಯಾಕ್ಟೀರಿಯಾಗಳ ಜೊತೆ ಹುಳಗಳ ಜಗಳ ನಮ್ಮ ಔಷಧದ ಅಂಗಡಿಗಳಿಗಿಂತ ಬಹಳ ಹಳೆಯದು.

ಇದೇ ಈ ಪಾಠದ ಮುಖ್ಯ ಮಾತು. ಔಷಧ ಬದಲಾವಣೆಯನ್ನು ಹುಟ್ಟಿಸುವುದಿಲ್ಲ. ಮೊದಲೇ ಇರುವ ವೈವಿಧ್ಯದೊಳಗಿಂದ ಆರಿಸುತ್ತದೆ. ಜರಡಿ ಕಾಳು ಮಾಡುವುದಿಲ್ಲ, ಕಾಳು ಬೇರೆ ಮಾಡುತ್ತದೆ, ಅಷ್ಟೇ.

ಟಿಟಿಸಿ ಹೋಗಿ ಟಿಎಸಿ ಆದಾಗ

ಮಾಮಾನ ಬಾಟಲಿಗಳಿಗೆ ಬರೋಣ. ಬೆಂಜಿಮಿಡಜೋಲ್ ಕೆಲಸ ಮಾಡುವ ಜಾಗ ಟ್ಯೂಬುಲಿನ್. ಜೀವಕೋಶದೊಳಗೆ ಸಣ್ಣ ಸಣ್ಣ ಕೊಳವೆಗಳಿವೆ, ಸರಕು ಸಾಗಿಸಲು, ಕೋಶ ಎರಡಾಗಲು ಅವು ಬೇಕು. ಟ್ಯೂಬುಲಿನ್ ಅನ್ನುವ ಇಟ್ಟಿಗೆಗಳನ್ನು ಜೋಡಿಸಿ ಆ ಕೊಳವೆ ಕಟ್ಟುತ್ತವೆ. ಔಷಧ ಹೋಗಿ ಇಟ್ಟಿಗೆಗೆ ಅಂಟಿಕೊಂಡರೆ ಮುಂದಿನ ಇಟ್ಟಿಗೆ ಕೂರುವುದಿಲ್ಲ. ಕಟ್ಟಡ ನಿಲ್ಲುತ್ತದೆ, ಹುಳ ಸಾಯುತ್ತದೆ.

ಆ ಟ್ಯೂಬುಲಿನ್ ಪ್ರೋಟೀನಿನ 200ನೇ ಜಾಗದಲ್ಲಿ ಫಿನೈಲ್ಅಲನಿನ್ ಇರುತ್ತದೆ. ಡಿಎನ್‌ಎಯಲ್ಲಿ ಅದರ ಕೋಡ್ ಟಿಟಿಸಿ. ನಡುವಿನ ಟಿ ಬದಲು ಎ ಬಂದರೆ ಟಿಎಸಿ, ಅಂದರೆ ಟೈರೋಸಿನ್. ಎರಡಕ್ಕೂ ವ್ಯತ್ಯಾಸ ಏನು? ಕೆಮಿಸ್ಟ್ರಿ ನೆನಪು ಮಾಡಿಕೊಳ್ಳಿ: ಒಂದೇ ಒಂದು ಆಕ್ಸಿಜನ್, ಒಂದು -ಓಎಚ್ ಗುಂಪು ಹೆಚ್ಚು. ಆ ಒಂದು ಬಾಲದಿಂದ ಔಷಧ ಸರಿಯಾಗಿ ಕೂರುವುದಿಲ್ಲ, ಕೊಳವೆ ಮಾತ್ರ ಎಂದಿನಂತೆ ಕಟ್ಟುತ್ತದೆ. 1990ರ ದಶಕದಲ್ಲಿ ಇದನ್ನು ಹೀಮಾಂಕಸ್ ಹುಳದಲ್ಲೇ ಕಂಡುಹಿಡಿದರು. ಆಮೇಲೆ ಆ ಜೀನನ್ನು ಸಿ. ಎಲೆಗಾನ್ಸ್ ಒಳಗೆ ಹಾಕಿ ಪರೀಕ್ಷೆ ಮಾಡಿದರು. ಆಡಿನ ಹುಳದ ಪ್ರಶ್ನೆಗೆ ತಟ್ಟೆಯ ಹುಳ ಉತ್ತರ ಕೊಟ್ಟಿತು.

ಹಾಗಾದರೆ ಹೊರಗೆ ಸಿಗುವ ಸಿ. ಎಲೆಗಾನ್ಸ್‌ನಲ್ಲಿ? 2018ರಲ್ಲಿ ಆಂಡರ್ಸನ್ ಗುಂಪು 249 ವಂಶಗಳಿಗೆ ಆಲ್ಬೆಂಡಜೋಲ್ ಹಾಕಿ ನೋಡಿತು. ಕೆಲವಕ್ಕೆ ನಾಟಲೇ ಇಲ್ಲ. ಅವುಗಳಲ್ಲಿ ಬಹಳಷ್ಟರಲ್ಲಿ ಬೆನ್-1 ಅನ್ನುವ ಟ್ಯೂಬುಲಿನ್ ಜೀನ್ ಕೆಟ್ಟಿತ್ತು. ಆದರೆ ಎಲ್ಲದರಲ್ಲೂ ಒಂದೇ ರೀತಿ ಕೆಟ್ಟಿರಲಿಲ್ಲ. ಒಂದರಲ್ಲಿ ಅಕ್ಷರ ಬದಲು, ಇನ್ನೊಂದರಲ್ಲಿ ತುಂಡೇ ಮಾಯ, ಮತ್ತೊಂದರಲ್ಲಿ ನಡುವೆ ನಿಂತುಹೋದ ಕೋಡ್. ಒಂದೇ ಪರೀಕ್ಷೆಗೆ ಬೇರೆ ಬೇರೆ ಊರಿನ ಹುಡುಗರು ಬೇರೆ ಬೇರೆ ದಾರಿಯಲ್ಲಿ ಒಂದೇ ಉತ್ತರಕ್ಕೆ ಬಂದ ಹಾಗೆ. ಅಂದರೆ ಈ ಬದಲಾವಣೆ ಒಂದೇ ಕಡೆ ಹುಟ್ಟಿ ಹಬ್ಬಿದ್ದಲ್ಲ, ಮತ್ತೆ ಮತ್ತೆ ಹುಟ್ಟುತ್ತಿದೆ.

ಒಂದು ಸಣ್ಣ ಲೆಕ್ಕ

ಮತ್ತೆ ಮತ್ತೆ ಹುಟ್ಟುವುದು ಸಾಧ್ಯವಾ? ಪೆನ್ ತೆಗೆದುಕೊಳ್ಳಿ. ಒಂದು ಹೆಣ್ಣು ಹೀಮಾಂಕಸ್ ದಿನಕ್ಕೆ 5,000 ದಿಂದ 10,000 ತತ್ತಿ ಇಡುತ್ತದೆ. ಕಡಿಮೆಯದನ್ನೇ ಹಿಡಿಯೋಣ, 5,000. 30 ಆಡು, ಒಂದೊಂದರ ಹೊಟ್ಟೆಯಲ್ಲಿ 200 ಹೆಣ್ಣು ಹುಳ ಅಂತ ಊಹಿಸಿ. 30 × 200 × 5,000 = ದಿನಕ್ಕೆ 3 ಕೋಟಿ ತತ್ತಿ. ಒಂದು ತಿಂಗಳು ಚಿಲ್ಲರೆಯಲ್ಲಿ 100 ಕೋಟಿ.

ಸಿ. ಎಲೆಗಾನ್ಸ್‌ನಲ್ಲಿ ಅಳೆದ ಪ್ರಕಾರ ಡಿಎನ್‌ಎಯ ಒಂದು ನಿರ್ದಿಷ್ಟ ಅಕ್ಷರ ಒಂದು ತಲೆಮಾರಿನಲ್ಲಿ ತಪ್ಪಾಗಿ ಕಾಪಿ ಆಗುವ ಸಾಧ್ಯತೆ 100 ಕೋಟಿಗೆ ಎರಡು ಮೂರು. ಅದೇ ದರ ಇಲ್ಲಿಗೂ ಹಚ್ಚಿದರೆ, ಒಂದೇ ದೊಡ್ಡಿಯಲ್ಲಿ, ಒಂದೇ ತಿಂಗಳಲ್ಲಿ, ಆ ನಡುವಿನ ಟಿ ಹೋಗಿ ಎ ಆದ ತತ್ತಿ ಒಂದೆರಡು ಇರಬಹುದು. ಬಹುಪಾಲು ತತ್ತಿ ಬಿಸಿಲಿಗೆ ಒಣಗಿಯೇ ಸಾಯುತ್ತವೆ, ನಿಜ. ಆದರೆ ಊರಿನ ಎಲ್ಲ ಹಿಂಡು, ತಾಲೂಕಿನ ಎಲ್ಲ ಹಿಂಡು, ವರ್ಷಾನುವರ್ಷ ಅಂತ ಗುಣಿಸಿ ನೋಡಿ. ಮೊದಲ ಬೆಂಜಿಮಿಡಜೋಲ್ ಔಷಧ ಥಯಾಬೆಂಡಜೋಲ್ ಬಂದದ್ದು 1961ರಲ್ಲಿ, ಅದಕ್ಕೆ ಬಗ್ಗದ ಹುಳದ ವರದಿ ಬಂದದ್ದು 1964ರಲ್ಲಿ. ಮೂರೇ ವರ್ಷ. ನಮ್ಮ ಡಿಗ್ರಿಗಿಂತ ಒಂದು ವರ್ಷ ಕಡಿಮೆ.

ಈಗ ಜರಡಿ ಹಿಡಿಯುವ ಲೆಕ್ಕ. ಆಡಿನ ಹೊಟ್ಟೆಯಲ್ಲಿ 1,000 ಹುಳ, ಅದರಲ್ಲಿ 10 ಬಗ್ಗದ ಹುಳ, ಅಂದರೆ ನೂರಕ್ಕೆ 1. ಔಷಧ ಹಾಕಿದಿರಿ. 990 ಸತ್ತವು, 10 ಉಳಿದವು. ಈಗ ಉಳಿದದ್ದರಲ್ಲಿ ಬಗ್ಗದ ಹುಳ ನೂರಕ್ಕೆ 100. ಮುಂದಿನ ತತ್ತಿಗಳೆಲ್ಲ ಇವುಗಳದೇ.

ಆದರೆ ಹುಲ್ಲಿನ ಮೇಲೆ ಔಷಧ ಮುಟ್ಟದ 9,000 ಮರಿಹುಳ ಇದ್ದು ಅವು ಹೊಟ್ಟೆ ಸೇರಿದರೆ? ಅವುಗಳಲ್ಲೂ ನೂರಕ್ಕೆ 1 ಅಂದರೆ 90. ಈಗ ಒಟ್ಟು 9,010ರಲ್ಲಿ ಬಗ್ಗದವು 100. ನೂರಕ್ಕೆ 1.1. ಎಷ್ಟು ವ್ಯತ್ಯಾಸ ನೋಡಿ! ಔಷಧ ತಾಗದೆ ಉಳಿದ ಬಡಪಾಯಿ ಹುಳಗಳೇ ನಮ್ಮ ಔಷಧವನ್ನು ಉಳಿಸುವುದು. ಓದಿದಾಗ ನನಗೆ ನಂಬಲು ಕಷ್ಟವಾಯಿತು. ಎಲ್ಲಾ ಹುಳ ಕೊಲ್ಲಲು ಹೊರಟರೆ ಕೊಲ್ಲಲಾಗದ ಹುಳವನ್ನೇ ಸಾಕಿದ ಹಾಗೆ.

ಹಾಗಾದರೆ ಮಾಮಾ ಏನು ಮಾಡಬೇಕು?

ಮರುದಿನ ಇದನ್ನೆಲ್ಲ ಮಾಮಾಗೆ ಹೇಳಲು ಹೋದೆ. ಟ್ಯೂಬುಲಿನ್ ಅಂದ ಕೂಡಲೇ ಅವರು ಎದ್ದು ಹೋಗೋ ಹಾಗೆ ಕಂಡರು. ಆಗ ಆಯಿ ಜೋಳ ಹಸನು ಮಾಡುತ್ತ ಕೂತಿದ್ದರು. ನಾನು ಅವರ ಮುಂದಿನ ಜರಡಿ ತೋರಿಸಿ ಮತ್ತೆ ಮೊದಲಿಂದ ಹೇಳಿದೆ. ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ನಾನ ಆರಿಸಿ ಆರಿಸಿ ಗಟ್ಟಿ ಹುಳ ಜ್ವಾಪಾನ ಮಾಡೀನಿ ಅಂತೀ," ಅಂದರು. ನಾನು ಮೂರನೇ ಬಾಟಲಿ ನೋಡುತ್ತ, "ಇಬ್ಬರೂ ಸೇರಿ ಮಾಡೀವಿ ಮಾಮಾ," ಅಂದೆ.

ಆಮೇಲೆ ಪಶುವೈದ್ಯರ ಹತ್ತಿರ ಹೋದೆವು. ಅವರು ಹೇಳಿದ್ದು ಮತ್ತು ನಾನು ಓದಿದ್ದು ಎರಡನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ. ಮನೆಯಲ್ಲಿ ಆಡು ಕುರಿ ಇರುವ ಫ್ರೆಂಡ್ಸ್ ಇದನ್ನು ಊರಿಗೆ ಫೋನ್ ಮಾಡಿ ಹೇಳಿ.

ಒಂದು, ಬಾಟಲಿಯ ಹೆಸರಲ್ಲ, ಒಳಗಿನ ಔಷಧದ ಹೆಸರು ಓದಿ. ಕೊನೆಯಲ್ಲಿ 'ಬೆಂಡಜೋಲ್' ಅಂತ ಇದ್ದರೆ ಎಲ್ಲಾ ಒಂದೇ ಮನೆತನ. ಕಂಪನಿ ಬದಲಿಸುವುದು ಬೇರೆ, ಗುಂಪು ಬದಲಿಸುವುದು ಬೇರೆ. ಲೆವಮಿಸೋಲ್ ಇನ್ನೊಂದು ಗುಂಪು, ಐವರ್ಮೆಕ್ಟಿನ್ ಮತ್ತೊಂದು ಗುಂಪು. ಯಾವುದು, ಎಷ್ಟು ಅನ್ನುವುದನ್ನು ಡಾಕ್ಟರ್ ಹೇಳಬೇಕು, ಇಂಟರ್ನೆಟ್ ಅಲ್ಲ, ನಾನಂತೂ ಅಲ್ಲವೇ ಅಲ್ಲ.

ಎರಡು, ನಾಟಿದೆಯೋ ಇಲ್ಲವೋ ಅಂತ ಅಳೆಯಬಹುದು. ಔಷಧ ಹಾಕುವ ಮೊದಲು ಹಿಕ್ಕೆ ಕೊಟ್ಟು ತತ್ತಿ ಎಣಿಸಬೇಕು. ಹಾಕಿ 10ರಿಂದ 14 ದಿನಕ್ಕೆ ಮತ್ತೆ ಎಣಿಸಬೇಕು. ಮೊದಲು ಗ್ರಾಂಗೆ 1,000 ಇದ್ದದ್ದು 50ಕ್ಕೆ ಇಳಿದರೆ ನೂರಕ್ಕೆ 95 ಇಳಿದ ಹಾಗೆ, ಔಷಧ ಇನ್ನೂ ನಾಟುತ್ತಿದೆ. 600ಕ್ಕೆ ನಿಂತರೆ ನೂರಕ್ಕೆ 40 ಮಾತ್ರ, ಆ ಔಷಧಕ್ಕೆ ದುಡ್ಡು ಸುರಿದು ಉಪಯೋಗ ಇಲ್ಲ. ನಮ್ಮ ಆಡುಗಳ ಲೆಕ್ಕ 95ರ ಹತ್ತಿರಕ್ಕೂ ಬರಲಿಲ್ಲ.

ಮೂರು, ತೂಕ ನೋಡಿ ಅಳತೆ ಕೊಡಿ. ಕಣ್ಣಂದಾಜಿನಲ್ಲಿ ಕಡಿಮೆ ಕೊಟ್ಟರೆ ಅರ್ಧಂಬರ್ಧ ಗಟ್ಟಿ ಇರುವ ಹುಳವೂ ಉಳಿದುಕೊಳ್ಳುತ್ತದೆ. ಇನ್ನೊಂದು ವಿಷಯ, ಆಡಿನ ದೇಹ ಕುರಿಯದಕ್ಕಿಂತ ಬೇಗ ಔಷಧವನ್ನು ಹೊರಗೆ ಹಾಕುತ್ತದೆ. ಕುರಿಯ ಅಳತೆಯನ್ನೇ ಆಡಿಗೂ ಕೊಟ್ಟರೆ ಸಾಲದೇ ಹೋಗಬಹುದು.

ನಾಲ್ಕು, ಎಲ್ಲಾ ಆಡಿಗೂ ಒಂದೇ ದಿನ ಹಾಕಬೇಡಿ. ಕೆಳಗಿನ ಕಣ್ಣುರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ. ಕೆಂಪಗಿದ್ದರೆ ರಕ್ತ ಇದೆ, ಬಿಳಿಚಿದ್ದರೆ ಹುಳ ಹೀರುತ್ತಿದೆ. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೆ 5 ಬಣ್ಣಗಳ ಕಾರ್ಡನ್ನೇ ಮಾಡಿದ್ದಾರೆ, ಹೆಸರು ಫಮಾಚಾ. ಬಿಳಿಚಿದ ಆಡಿಗೆ ಮಾತ್ರ ಔಷಧ ಕೊಟ್ಟರೆ ಉಳಿದವುಗಳ ಹೊಟ್ಟೆಯಲ್ಲಿ ಬಗ್ಗುವ ಹುಳಗಳು ಉಳಿಯುತ್ತವೆ. ಆ 9,000ದ ಲೆಕ್ಕ ನೆನಪಿದೆಯಲ್ಲ?

ಮೂಲೆಯಲ್ಲಿ ನಿಂತಿದ್ದ ಆ ದೊಡ್ಡ ಆಡು, ಡಾಕ್ಟರ್ ಬೇರೆ ಗುಂಪಿನ ಔಷಧ ಕೊಟ್ಟ ಮೇಲೆ ಎರಡು ವಾರಕ್ಕೆ ಮೇವಿಗೆ ಬಾಯಿ ಹಾಕಿತು. ಸತ್ತ ಮೂರು ಮರಿ ವಾಪಸ್ ಬರಲಿಲ್ಲ. ಅದರಲ್ಲಿ ಒಂದಕ್ಕೆ ಹಿಂದಿನ ರಜೆಯಲ್ಲಿ ನಾನೇ ಹೆಸರಿಟ್ಟಿದ್ದೆ.

ಕೊನೆಗೆ, ಯೋಚಿಸಲು ಮೂರು ಪ್ರಶ್ನೆ

1. ಲಿಂಬೆ ಗಿಡದ ಕೆಳಗೆ ಕೊಳೆತ ಹಣ್ಣು ಬಿದ್ದಿರುತ್ತವೆ. ಬಯೋಟೆಕ್ ಫ್ರೆಂಡ್ ಇದ್ದರೆ ಅದರ ಒಂದು ತುಂಡನ್ನು ಅಗರ್ ತಟ್ಟೆಯ ಅಂಚಿಗೆ ಇಟ್ಟು, ಕೆಲವು ಗಂಟೆ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿ. ಹರಿದಾಡುವ ದಾರಗಳು ಕಂಡರೆ ದುಂಡುಹುಳ. ನೋಟದಿಂದಲೇ ಜಾತಿ ಹೇಳಲು ಸಾಧ್ಯವಾ, ಅಥವಾ ಡಿಎನ್‌ಎ ಓದಲೇಬೇಕಾ?

2. ಸಿ. ಎಲೆಗಾನ್ಸ್ ತನ್ನಷ್ಟಕ್ಕೆ ಮರಿ ಮಾಡುತ್ತದೆ. ಹೀಮಾಂಕಸ್‌ನಲ್ಲಿ ಗಂಡು ಹೆಣ್ಣು ಬೇರೆ, ಕೂಡಲೇಬೇಕು. ಎರಡರಲ್ಲಿ ಯಾವುದರ ಹಿಂಡಿನೊಳಗೆ ವೈವಿಧ್ಯ ಹೆಚ್ಚು ಇರಬೇಕು? ಯಾಕೆ?

3. ಮಕ್ಕಳಿಗೆ ಕೊಡುವ ಮಾತ್ರೆಯೂ ಆಲ್ಬೆಂಡಜೋಲ್. ಆಡಿನ ದೊಡ್ಡಿಯಲ್ಲಿ ಮಾಡಿದ ಲೆಕ್ಕ ಅಲ್ಲಿಗೆ ಎಷ್ಟು ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ?

ಉತ್ತರ ಹೊಳೆದರೆ ಕ್ಲಬ್ಬಿನ ಮುಂದಿನ ಸಭೆಯಲ್ಲಿ ಹೇಳಿ. ನಾನು ಮೊನ್ನೆ ಮಾಮಾಗೆ ಫೋನ್ ಮಾಡಿದಾಗ ಅವರು ಹೇಳಿದ ಮೊದಲ ಮಾತು ಇದು: "ಈಗ ಬಾಟ್ಲಿ ತಗೊಳ್ಳೂ ಮುಂದ ಹಿಂದಿನ ಸಣ್ಣ ಅಕ್ಷರ ಓದಸ್ತೀನಿ ನೋಡವ್ವಾ, ಅಂಗಡ್ಯಾಂವನ ಕಡೆನ."